ಎಂಜಿನಿಗೆ ತಕ್ಕ ಕ್ಯಾಮ್ ಶಾಫ್ಟ್

ಮೋಟಾರು ಗಾಡಿಯ ಎಂಜಿನಿನ ಮಾತು ಬಂದಾಗ ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಎರಡು: ಅದಕ್ಕೆ ಸಿಲಿಂಡರುಗಳೆಷ್ಟು, ಅದರ ಅಶ್ವಶಕ್ತಿ ಎಷ್ಟು. ಈ ಎರಡು ಸಂಖ್ಯೆಗಳನ್ನು ತಿಳಿದ ಮಾತ್ರದಿಂದ ಎಂಜಿನಿನ ಸ್ವಭಾವವನ್ನು ತಿಳಿದಂತಾಗುವುದಿಲ್ಲ. ಒಂದೇ ಅಳತೆಯ, ಒಂದೇ ಎರಕದ ಎರಡು ಎಂಜಿನುಗಳಲ್ಲಿ ಒಂದು ಪಳಗಿದ ಎತ್ತಿನಂತೆ ಮೆಲ್ಲನೆ ನಡೆಯುತ್ತಲೇ ಏರನ್ನು ಹತ್ತೀತು; ಇನ್ನೊಂದು ನಿಂತಲ್ಲಿ ನಿಲ್ಲದೆ ನಡುಗುತ್ತಿದ್ದು, ಕಾಲು ಒತ್ತಿದಾಗ ಮೊದಲು ಮುಗ್ಗರಿಸಿ, ಆಮೇಲೆ ಹುಚ್ಚುಕುದುರೆಯಂತೆ ಓಡೀತು. ಈ ಭೇದಕ್ಕೆ ಬಹುಮಟ್ಟಿಗೆ ಕಾರಣವಾದದ್ದು ಎಂಜಿನಿನ ಒಡಲಲ್ಲಿ ಅಡಗಿರುವ ಮೊಳದುದ್ದದ ಒಂದು ಕಬ್ಬಿಣದ ದಂಡ. ಅದಕ್ಕೆ ಕ್ಯಾಮ್ ಶಾಫ್ಟ್ ಎಂದು ಹೆಸರು.

ಅಮೆರಿಕದಲ್ಲಿ 1960ರ ದಶಕದಲ್ಲಿ ದೊಡ್ಡ ಎಂಜಿನನ್ನು ನಡುತರದ ಗಾಡಿಯೊಳಗೆ ಕೂರಿಸಿ ಮಾರುವ ಪದ್ಧತಿಯೊಂದು ಬೆಳೆಯಿತು. 1964ರಲ್ಲಿ ಹೊರಬಂದ ಪಾಂಟಿಯಾಕ್ ಜಿ.ಟಿ.ಓ. ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಅದರ ಎಂಜಿನಿನ ಗಾತ್ರ 389 ಘನ ಅಂಗುಲ, ಶಕ್ತಿ 325 ಅಶ್ವಶಕ್ತಿ. ಇಂಥವನ್ನು ಅಲ್ಲಿಯವರು ಮಸಲ್ ಕಾರು ಎಂದು ಕರೆದರು. ನಾವು ಜಟ್ಟಿಗಾಡಿ ಎಂದರೆ ಅರ್ಥ ಕೆಡುವುದಿಲ್ಲ. ಆ ಬಗೆಯ ಹಳೆಯ ಗಾಡಿಗಳನ್ನು ಬಿಚ್ಚಿ ಹೊಸದಾಗಿ ಕಟ್ಟುವ ಹವ್ಯಾಸ ಇಂದು ಎಲ್ಲ ದೇಶಗಳಲ್ಲಿಯೂ ಇದೆ. ಕಟ್ಟುವವನಿಗೆ ಮೊದಲು ಹುಟ್ಟುವ ಆಸೆ ಶಕ್ತಿಯನ್ನು ಹೆಚ್ಚಿಸಬೇಕೆಂಬುದು; ಅದಕ್ಕೆ ಮೊದಲು ತೋರುವ ಉಪಾಯ ದೊಡ್ಡ ಕ್ಯಾಮ್ ಶಾಫ್ಟನ್ನು ಹಾಕುವುದು. ಆದರೆ ಆಯ್ಕೆ ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ, ಬ್ರೇಕು ಕೂಡ ದುರ್ಬಲವಾಗಬಹುದು; ನಮ್ಮಲ್ಲಿ ಸುಲಭವಾಗಿ ಸಿಕ್ಕದ ಎರಕದ ಒಡಲೇ ಹಾಳಾಗಬಹುದು. ಆದಕಾರಣ ಈ ದಂಡವು ಮಾಡುವ ಕೆಲಸವೇನು, ಅದನ್ನು ಆರಿಸುವ ಕ್ರಮವೇನು ಎಂಬುದನ್ನು ವಿಚಾರಮಾಡೋಣ.

ಎಂಜಿನಿನ ತತ್ತ್ವವನ್ನು ತಿಳಿಯಲು ಅಮೆರಿಕಕ್ಕೆ ಹೋಗಬೇಕಾದುದಿಲ್ಲ. ಬೆಂಗಳೂರಿನಿಂದ ಅರಸೀಕೆರೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಅರಳಗುಪ್ಪೆ ಎಂಬ ಊರುಂಟು. ಕಲ್ಲೇಶ್ವರ ದೇವಾಲಯದ ಒಳಮಾಳಿಗೆಯ ನಟರಾಜನ ಶಿಲ್ಪಕ್ಕಾಗಿಯೂ, ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯಕ್ಕಾಗಿಯೂ ಹೆಸರಾದ ಊರು. ಅದರ ಸುತ್ತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ. ಈ ಸೀಮೆಯ ತೋಟಗಳಿಗೆ ಮೊದಲು ಕಪಿಲೆ ಬಾವಿಗಳಿಂದ ಎತ್ತುಗಳು ನೀರೆತ್ತುತ್ತಿದ್ದುವು. ಆಮೇಲೆ ಎಣ್ಣೆಯ ಎಂಜಿನು ಬಂದಿತು, ಅನಂತರ ವಿದ್ಯುಚ್ಛಕ್ತಿ. ಲಿಸ್ಟರ್ ಮಾದರಿಯ ಆ ನಿಧಾನದ ಡೀಸೆಲ್ ಎಂಜಿನು ನಿಮಿಷಕ್ಕೆ ಸುಮಾರು 650 ಸುತ್ತು ಮಾತ್ರ ತಿರುಗುವಂಥದು. ತೋಟದಾಚೆಯವರಿಗೂ ಕೇಳುವಂತೆ ಎಣಿಸಿ ಎಣಿಸಿ ಸದ್ದುಮಾಡುವ ಆ ಯಂತ್ರವು, ಕ್ಯಾಮ್ ಶಾಫ್ಟಿನ ಪಾಠಕ್ಕೆ ತಕ್ಕ ಗುರು.

ಎಂಜಿನಿನ ಪಿಸ್ಟನ್ನು ನಾಲ್ಕು ನಡೆಗಳಲ್ಲಿ ತನ್ನ ಕೆಲಸವನ್ನು ಮುಗಿಸುವುದು. ಮೊದಲನೆಯ ನಡೆಯಲ್ಲಿ ಕೆಳಗಿಳಿದು ಗಾಳಿಯನ್ನು ಒಳಕ್ಕೆಳೆಯುವುದು. ಎರಡನೆಯದರಲ್ಲಿ ಮೇಲೇರಿ ಅದನ್ನು ಒತ್ತುವುದು. ಮೂರನೆಯದರಲ್ಲಿ ಇಂಧನವುರಿದು ಪಿಸ್ಟನ್ನನ್ನು ಕೆಳಕ್ಕೆ ನೂಕುವುದು. ನಾಲ್ಕನೆಯದರಲ್ಲಿ ಮತ್ತೆ ಮೇಲೇರಿ ಹೊಗೆಯನ್ನು ಹೊರದೂಡುವುದು. ಗಾಳಿ ಬರುವುದಕ್ಕೆ ಒಂದು ಕವಾಟ, ಹೊಗೆ ಹೋಗುವುದಕ್ಕೆ ಒಂದು ಕವಾಟ. ನಮ್ಮ ಮಿಸ್ತ್ರಿಗಳು ಇವನ್ನು ವಾಲ್ವುಗಳೆನ್ನುವರು. ಪ್ರತಿಯೊಂದೂ ಸಕಾಲದಲ್ಲಿ ತೆರೆದು ಸಕಾಲದಲ್ಲಿ ಮುಚ್ಚಬೇಕು. ಈ ಬಾಗಿಲು ಕಾಯುವ ಕೆಲಸವೇ ಕ್ಯಾಮ್ ಶಾಫ್ಟಿನದು. ನಾಲ್ಕು ನಡೆಗಳಿಗೆ ದೊಡ್ಡ ದಂಡವು ಎರಡು ಸುತ್ತು ತಿರುಗುವುದರಿಂದ ಕ್ಯಾಮ್ ಶಾಫ್ಟು ಒಂದೇ ಸುತ್ತು ತಿರುಗಿದರೆ ಸಾಕು. ತೋಟದ ಎಂಜಿನು 650 ಸುತ್ತು ತಿರುಗುವಾಗ ಅದರ ಕ್ಯಾಮ್ ಶಾಫ್ಟು 325 ಸುತ್ತು ತಿರುಗುತ್ತಿರುತ್ತದೆ.

ಹೊಯ್ಸಳ ಶಿಲ್ಪಿಗಳು ತಿರುಗಿಸಿ ಕಡೆದ ಕಂಬವನ್ನು ಎಲ್ಲಿ ಅಳೆದರೂ ದುಂಡಗೆ ಇರುವುದು. ಕ್ಯಾಮ್ ಶಾಫ್ಟು ಹಾಗಲ್ಲ. ದುಂಡಾದ ದಂಡದ ಮೇಲೆ ಅಲ್ಲಲ್ಲಿ ಮೊಟ್ಟೆಯ ಮೊನೆಯಂತೆ ಒಂದು ಕಡೆಗೆ ಚಾಚಿದ ಉಬ್ಬುಗಳಿರುವುವು. ದಂಡವು ತಿರುಗಿದಾಗ ಉಬ್ಬು ತನ್ನ ಮೇಲಿರುವ ಟ್ಯಾಪೆಟ್ಟನ್ನು ಎತ್ತುವುದು. ಅದು ನೀಳವಾದ ಒಂದು ಕಡ್ಡಿಯ ಮೂಲಕ ಏತದಂತಿರುವ ರಾಕರನ್ನು ತಳ್ಳುವುದು. ರಾಕರಿನ ಇನ್ನೊಂದು ತುದಿ ಕವಾಟವನ್ನು ತೆರೆಯುವುದು. ಉಬ್ಬು ದಾಟಿದ ಕೂಡಲೆ ಸ್ಪ್ರಿಂಗು ಕವಾಟವನ್ನು ಮುಚ್ಚುವುದು. ಕೋಲಾರದ ಚಿನ್ನದ ಗಣಿಗಳಲ್ಲಿ ಹಿಂದೆ ಅದುರನ್ನು ಕುಟ್ಟುತ್ತಿದ್ದ ಯಂತ್ರಗಳಲ್ಲಿಯೂ ಇದೇ ತತ್ತ್ವವಿದ್ದಿತು: ತಿರುಗುವ ದಂಡದ ಉಬ್ಬು ಭಾರವಾದ ಒನಕೆಯನ್ನು ಎತ್ತುವುದು, ಉಬ್ಬು ದಾಟಿದೊಡನೆ ಒನಕೆ ಬೀಳುವುದು. ಅಂಬಾಸಡರ್ ಗಾಡಿಯ 1489 ಸಿ.ಸಿ. ಎಂಜಿನಿನಲ್ಲಿಯೂ ಕ್ಯಾಮ್ ಶಾಫ್ಟು ಹೀಗೆಯೇ ಒಡಲಲ್ಲಿ ಅಡಗಿತ್ತು. ಮೈಸೂರಿನಲ್ಲಿ 1996ರ ವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳಿಗಾದರೋ ಈ ದಂಡವೇ ಇರಲಿಲ್ಲ. ಅವು ಎರಡು ನಡೆಯ ಎಂಜಿನುಗಳು, ಸಿಲಿಂಡರಿನ ಗೋಡೆಯ ಕಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತಿದ್ದಿತು.

ಪಿಸ್ಟನ್ನು ಕೆಳಗಿಳಿಯಲು ತೊಡಗಿದಾಗ ಕವಾಟ ತೆರೆದು, ತಳಮುಟ್ಟಿದಾಗ ಮುಚ್ಚಿದರೆ ಸಾಲದೆ, ಇದರಲ್ಲಿ ಆರಿಸುವುದಕ್ಕೇನಿದೆ ಎಂದು ಶ್ರೋತೃಗಳು ಕೇಳಬಹುದು. ಗಾಳಿಗೆ ತೂಕವಿಲ್ಲದಿದ್ದರೆ ಆ ಮಾತು ಸರಿಯಾಗುತ್ತಿದ್ದಿತು. ತೋಟದಲ್ಲಿ ನೀರು ಕಟ್ಟುವವನನ್ನು ನೋಡಿ. ಕಾಲುವೆಯಲ್ಲಿ ನೀರು ಬಿರುಸಾಗಿ ಬರುತ್ತಿದ್ದರೆ, ತೆಂಗಿನ ಪಾತಿ ತುಂಬುತ್ತ ಬಂದರೂ ಹಿಂದಿನ ನೀರಿನ ನೂಕಿನಿಂದ ಇನ್ನಷ್ಟು ಒಳನುಗ್ಗುವುದು. ಮಡೆಯನ್ನು ಸ್ವಲ್ಪ ತಡವಾಗಿ ಮುಚ್ಚಿದರೆ ಪಾತಿ ಚೆನ್ನಾಗಿ ತುಂಬುವುದು. ನೀರು ತೆಳ್ಳಗೆ, ಮೆಲ್ಲಗೆ ಹರಿಯುತ್ತಿದ್ದರೆ ಹಾಗಲ್ಲ. ಮಡೆಯನ್ನು ತೆರೆದುಬಿಟ್ಟಷ್ಟೂ ಪಾತಿಗೆ ಬಂದ ನೀರು ಕಾಲುವೆಗೇ ಹಿಂದಿರುಗುವುದು. ಎಂಜಿನಿನ ಕೊಳವೆಯಲ್ಲಿ ಬರುವ ಗಾಳಿಯ ರೀತಿಯೂ ಇದೇ. ಎಂಜಿನು ವೇಗವಾಗಿ ತಿರುಗುವಾಗ ಗಾಳಿಗೆ ನೂಕುಬಲವಿರುತ್ತದೆ. ಪಿಸ್ಟನ್ನು ತಳಮುಟ್ಟಿ ಮೇಲೇಳಲು ಮೊದಲುಮಾಡಿದರೂ ಗಾಳಿ ಒಳಬರುತ್ತಲೇ ಇರುತ್ತದೆ. ಆಗ ಕವಾಟವನ್ನು ತಡವಾಗಿ ಮುಚ್ಚುವುದು ಲಾಭ. ನಿಧಾನದಲ್ಲಿ ಅದೇ ತಡವು ನಷ್ಟ. ಒಳಬಂದ ಗಾಳಿಯನ್ನು ಏರುವ ಪಿಸ್ಟನ್ನು ಬಂದ ದಾರಿಗೇ ಹಿಂದಕ್ಕೆ ತಳ್ಳಿಬಿಡುವುದು.

ಇದೇ ಈ ವಿಷಯದ ಮೂಲಸೂತ್ರ. ಒಂದು ಕ್ಯಾಮ್ ಶಾಫ್ಟು ಒಂದು ವೇಗಕ್ಕೆ ಮಾತ್ರ ಸರಿಯಾಗಿ ಒಗ್ಗುವುದು. ಅದರ ಆಚೀಚೆಗೆ ಕೆಲವು ದೂರ ಸಹಿಸಿಕೊಳ್ಳುವುದು. ಅದನ್ನು ಮೀರಿದರೆ ಕೆಲಸವನ್ನು ಕೆಡಿಸುವುದು. ತೋಟದ ಎಂಜಿನಿಗೆ ಈ ಕಷ್ಟವೇ ಇಲ್ಲ. ಅದು ಹಗಲೆಲ್ಲ ಒಂದೇ ವೇಗದಲ್ಲಿ ತಿರುಗುವುದು, ಆ ವೇಗಕ್ಕೆ ತಕ್ಕ ಉಬ್ಬನ್ನು ಕೊಟ್ಟರೆ ಮುಗಿಯಿತು. ರಸ್ತೆಯ ಗಾಡಿ ನಿಲ್ಲಬೇಕು, ಹೊರಡಬೇಕು, ಏರಬೇಕು, ಓಡಬೇಕು. ಆದ್ದರಿಂದ ಅದರ ಕ್ಯಾಮ್ ಶಾಫ್ಟು ಯಾವಾಗಲೂ ಒಂದು ರಾಜಿ. ಯಾವ ವೇಗಕ್ಕೆ ಎಷ್ಟು ಕೊಟ್ಟು ಯಾವ ವೇಗದಿಂದ ಎಷ್ಟು ಕಳೆಯಬೇಕೆಂಬುದೇ ಆಯ್ಕೆ.

ಅಂಗಡಿಯವರ ಪಟ್ಟಿಗಳಲ್ಲಿ ಕ್ಯಾಮ್ ಶಾಫ್ಟಿಗೆ ಮುಖ್ಯವಾಗಿ ಮೂರು ಅಳತೆಗಳನ್ನು ಕೊಟ್ಟಿರುತ್ತಾರೆ. ಮೊದಲನೆಯದು ಎತ್ತರ, ಕವಾಟವು ತನ್ನ ಪೀಠದಿಂದ ಎಷ್ಟು ಅಂಗುಲ ಏಳುವುದೆಂಬುದು. ಎರಡನೆಯದು ಅವಧಿ, ದೊಡ್ಡ ದಂಡದ ಸುತ್ತಿನಲ್ಲಿ ಎಷ್ಟು ಡಿಗ್ರಿಗಳ ಕಾಲ ಕವಾಟ ತೆರೆದಿರುವುದೆಂಬುದು. ಮೂರನೆಯದು ಅಂತರ, ಒಳಗವಾಟದ ಉಬ್ಬಿನ ತುದಿಗೂ ಹೊರಗವಾಟದ ಉಬ್ಬಿನ ತುದಿಗೂ ನಡುವಣ ಕೋನ. ಇವುಗಳಲ್ಲಿ ಎಂಜಿನಿನ ಸ್ವಭಾವವನ್ನು ಹೆಚ್ಚಾಗಿ ನಿರ್ಣಯಿಸುವುದು ಅವಧಿ. ಅವಧಿ ಹೆಚ್ಚಿದಂತೆಲ್ಲ ಶಕ್ತಿಯು ಮೇಲಿನ ವೇಗಗಳಿಗೆ ಸರಿಯುವುದು, ಕೆಳಗಿನ ವೇಗಗಳಲ್ಲಿ ಎಳೆತ ಕುಗ್ಗುವುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅವಧಿಯನ್ನು ಅಳೆಯುವ ಕ್ರಮಗಳು ಎರಡು. ಟ್ಯಾಪೆಟ್ಟು ಅಲುಗಲು ತೊಡಗಿದಲ್ಲಿಂದಲೇ ಎಣಿಸಿ ಹೇಳುವ ಸಂಖ್ಯೆ ಜಾಹೀರಾತಿನ ಸಂಖ್ಯೆ. ಒಬ್ಬೊಬ್ಬ ತಯಾರಕನು ಒಂದೊಂದು ಕಡೆಯಿಂದ ಎಣಿಸುವನು. ಟ್ಯಾಪೆಟ್ಟು ಅಂಗುಲದ ಸಾವಿರದಲ್ಲಿ 50 ಪಾಲು ಎದ್ದ ಮೇಲೆ ಎಣಿಸುವ ಸಂಖ್ಯೆ ಎಲ್ಲರಿಗೂ ಸಮಾನವಾದದ್ದು. ಎರಡರ ನಡುವೆ 50 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರಬಹುದು. ಎರಡು ದಂಡಗಳನ್ನು ಹೋಲಿಸುವವನು ಎರಡನೆಯ ಸಂಖ್ಯೆಯನ್ನೇ ಹೋಲಿಸತಕ್ಕದ್ದು. ಮುಂದೆ ನಾನು ಹೇಳುವ ಅವಧಿಗಳೆಲ್ಲವೂ ಈ 50 ಪಾಲಿನ ಅಳತೆಯವು. ಷೆವ್ರೊಲೆ ಕಂಪನಿಯ 350 ಘನ ಅಂಗುಲದ ಸಾಮಾನ್ಯ ಎಂಜಿನಿನಲ್ಲಿ ಬಹುಕಾಲ ಬಳಕೆಯಲ್ಲಿದ್ದ ಕ್ಯಾಮ್ ಶಾಫ್ಟಿನ ಅವಧಿ ಒಳಗವಾಟಕ್ಕೆ 195, ಹೊರಗವಾಟಕ್ಕೆ 202 ಡಿಗ್ರಿ, ಎತ್ತರ 0.390 ಮತ್ತು 0.410 ಅಂಗುಲ, ಅಂತರ 112 ಡಿಗ್ರಿ. ಇಂಥ ಎಂಜಿನಿಗೆ 205ರಿಂದ 220 ಡಿಗ್ರಿಯ ವರೆಗಿನ ದಂಡಗಳನ್ನು ಸೌಮ್ಯವಾದುವೆಂದೂ, 230ರ ಆಸುಪಾಸಿನವನ್ನು ಉಗ್ರವಾದುವೆಂದೂ, 245ನ್ನು ದಾಟಿದವನ್ನು ಪಂದ್ಯಕ್ಕೆ ಮೀಸಲಾದುವೆಂದೂ ಸ್ಥೂಲವಾಗಿ ಹೇಳಬಹುದು.

ಹೊಗೆಯ ಕವಾಟವು ಮುಚ್ಚುವ ಮುನ್ನವೇ ಗಾಳಿಯ ಕವಾಟವು ತೆರೆಯುವುದರಿಂದ, ಎರಡೂ ತೆರೆದಿರುವ ಒಂದು ಸಂಧಿಕಾಲವುಂಟು. ಅವಧಿ ಹೆಚ್ಚಿದರೂ ಅಂತರ ಕುಗ್ಗಿದರೂ ಈ ಸಂಧಿಕಾಲವು ಬೆಳೆಯುವುದು. ವೇಗದಲ್ಲಿ ಹೊರಹೋಗುವ ಹೊಗೆಯ ಸೆಳೆತವೇ ಹೊಸ ಗಾಳಿಯನ್ನು ಒಳಕ್ಕೆ ಕರೆತರುವುದರಿಂದ ಇದು ಉಪಕಾರ. ಎಂಜಿನು ಸುಮ್ಮನೆ ನಿಂತು ತಿರುಗುವಾಗಲಾದರೋ ಹೊಗೆ ಗಾಳಿಯ ಕೊಳವೆಗೆ ನುಗ್ಗಿ ಹೊಸ ಮಿಶ್ರಣವನ್ನು ಕೆಡಿಸುವುದು. ಒಂದು ಸಲ ಉರಿದು ಒಂದು ಸಲ ಉರಿಯದೆ ಎಂಜಿನು ಕುಂಟುವುದು. ಪಂದ್ಯದ ಗಾಡಿಗಳು ನಿಂತಲ್ಲಿ ಗಡಗಡ ಕುಣಿಯುವ ಸದ್ದು ಇದರಿಂದ ಹುಟ್ಟಿದ್ದು. ಆ ಸದ್ದಿಗೆ ಮರುಳಾಗಿ ಕ್ಯಾಮ್ ಶಾಫ್ಟನ್ನು ಆರಿಸುವವರು ಎಷ್ಟೋ ಮಂದಿ. ಅವರು ಮೆಚ್ಚಿಕೊಂಡದ್ದು ಬಲದ ಸದ್ದನ್ನಲ್ಲ, ನಿಧಾನದಲ್ಲಿ ಬಲ ಸೋರಿಹೋಗುವ ಸದ್ದನ್ನು.

ಇನ್ನು ಆಯ್ಕೆಯ ಕ್ರಮ. ಮೊದಲನೆಯ ಪ್ರಶ್ನೆ, ಗಾಡಿ ಮಾಡಬೇಕಾದ ಕೆಲಸವೇನು. ಇದಕ್ಕೆ ಮನಸ್ಸಿನಲ್ಲಿ ಉತ್ತರ ಹೇಳಿಕೊಂಡರೆ ಸಾಲದು, ಲೆಕ್ಕ ಹಾಕಬೇಕು. ಬೆಂಗಳೂರಿನಲ್ಲಿ ವಾಸಮಾಡುತ್ತ, ವಾರಕ್ಕೊಮ್ಮೆ ಸುಮಾರು 140 ಕಿಲೋಮೀಟರು ದೂರದ ತಿಪಟೂರಿನ ಕಡೆಯ ತೋಟಕ್ಕೆ ಹೋಗಿಬರುವವನೊಬ್ಬನ ಬಳಿ 350 ಘನ ಅಂಗುಲದ ಎಂಜಿನಿನ ಹಳೆಯ ಗಾಡಿಯಿದೆ ಎಂದಿಟ್ಟುಕೊಳ್ಳಿ. ಚಕ್ರದ ವ್ಯಾಸ 26 ಅಂಗುಲವಾದರೆ ಒಂದು ಸುತ್ತಿಗೆ ಗಾಡಿ 2.07 ಮೀಟರು ಸಾಗುವುದು. ಗಂಟೆಗೆ 80 ಕಿಲೋಮೀಟರು ಎಂದರೆ ನಿಮಿಷಕ್ಕೆ 1333 ಮೀಟರು. ಚಕ್ರವು ನಿಮಿಷಕ್ಕೆ ಸುಮಾರು 644 ಸುತ್ತು ತಿರುಗುವುದು. ಹಿಂದಿನ ಅಚ್ಚಿನ ಹಲ್ಲುಚಕ್ರಗಳ ಪ್ರಮಾಣ 3.08 ಆಗಿದ್ದು, ಮೇಲಿನ ಗೇರಿನಲ್ಲಿ ಎಂಜಿನೂ ಅಚ್ಚಿಗೆ ಹೋಗುವ ದಂಡವೂ ಸಮವಾಗಿ ತಿರುಗುವುದಾದರೆ, ಎಂಜಿನಿನ ವೇಗ ಸುಮಾರು 1980 ಸುತ್ತು. ಎಂದರೆ ಆ ಎಂಜಿನು ತನ್ನ ಆಯುಷ್ಯದ ಬಹುಭಾಗವನ್ನು 2000 ಸುತ್ತಿನ ಆಚೀಚೆ ಕಳೆಯುವುದು.

ಈಗ ಅವನು 3500 ಸುತ್ತಿನಿಂದ 7000 ಸುತ್ತಿನ ವರೆಗೆ ಚೆನ್ನಾಗಿ ಎಳೆಯುವ ಕ್ಯಾಮ್ ಶಾಫ್ಟನ್ನು ಕೊಂಡನೆನ್ನಿ. ಅದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ, ಮೇಲಿನ ಗೇರಿನಲ್ಲಿ ಎಂಜಿನು 3500 ಸುತ್ತನ್ನು ಮುಟ್ಟಬೇಕಾದರೆ ಗಾಡಿ ಗಂಟೆಗೆ 141 ಕಿಲೋಮೀಟರು ಓಡುತ್ತಿರಬೇಕು. ಎತ್ತಿನ ಗಾಡಿ, ಟ್ರಾಕ್ಟರು, ಕೊಬ್ಬರಿಯ ಲಾರಿಗಳು ಅಡ್ಡಬರುವ ತುಮಕೂರು–ಹೊನ್ನಾವರದ ಹೆದ್ದಾರಿಯಲ್ಲಿ ಅಂಥ ವೇಗವನ್ನು ಬುದ್ಧಿಯುಳ್ಳವನು ಬಯಸುವುದಿಲ್ಲ. ಹಾಗಾದರೆ ಅವನು ಹಣಕೊಟ್ಟು ಕೊಂಡ ಶಕ್ತಿ ಅವನಿಗೆ ಒದಗುವುದು ಯಾವಾಗ? ಎಂದಿಗೂ ಇಲ್ಲ. ಅದಕ್ಕಾಗಿ ಕಳೆದುಕೊಂಡ ಎಳೆತದ ಅಭಾವವಾದರೋ ದಿನವೂ ಅನುಭವಕ್ಕೆ ಬರುವುದು. ಪಟ್ಟಿಯಲ್ಲಿ ಅಚ್ಚಾದ ಅಶ್ವಶಕ್ತಿಯ ಸಂಖ್ಯೆ ದೊಡ್ಡದಾಗಿಯೇ ಇರುತ್ತದೆ. ಅಶ್ವಶಕ್ತಿಯೆಂಬುದು ಎಳೆತವನ್ನು ಸುತ್ತಿನ ವೇಗದಿಂದ ಗುಣಿಸಿ ಬಂದ ಮೊತ್ತ. ವೇಗವು ಬೆಳೆದರೆ ಎಳೆತ ಹೆಚ್ಚದೆಯೂ ಮೊತ್ತವು ದೊಡ್ಡದಾಗುವುದು. ರಸ್ತೆಯಲ್ಲಿ ಗಾಡಿಯನ್ನು ಏರು ಹತ್ತಿಸುವುದು ನಾವು ಓಡಿಸುವ ವೇಗದಲ್ಲಿ ಎಂಜಿನಿಗೆ ಇರುವ ಎಳೆತವೇ ಹೊರತು ಪಟ್ಟಿಯಲ್ಲಿನ ತುತ್ತತುದಿಯ ಸಂಖ್ಯೆಯಲ್ಲ.

ಎರಡನೆಯ ಪ್ರಶ್ನೆ ಎಂಜಿನಿನ ಗಾತ್ರ. ಒಂದೇ ಕ್ಯಾಮ್ ಶಾಫ್ಟು ದೊಡ್ಡ ಎಂಜಿನಿನಲ್ಲಿ ಸೌಮ್ಯವಾಗಿಯೂ ಚಿಕ್ಕ ಎಂಜಿನಿನಲ್ಲಿ ಉಗ್ರವಾಗಿಯೂ ತೋರುವುದು. ದೊಡ್ಡ ಸಿಲಿಂಡರು ಕಡಮೆ ವೇಗದಲ್ಲಿಯೇ ಹೆಚ್ಚು ಗಾಳಿಯನ್ನು ಸೆಳೆಯುವುದೇ ಇದಕ್ಕೆ ಕಾರಣ. ಆದುದರಿಂದ 454 ಘನ ಅಂಗುಲದ ಎಂಜಿನಿನಲ್ಲಿ ಸ್ನೇಹಿತನಿಗೆ ಸುಖಕೊಟ್ಟ ದಂಡವು ನಮ್ಮ 302 ಘನ ಅಂಗುಲದ ಎಂಜಿನಿಗೂ ಸುಖಕೊಟ್ಟೀತೆಂದು ನಂಬುವುದು ತಪ್ಪು.

ಮೂರನೆಯದು ಒತ್ತಡದ ಪ್ರಮಾಣ. ಇದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಪಿಸ್ಟನ್ನು ತಳದಲ್ಲಿರುವಾಗಿನ ಸ್ಥಳಕ್ಕೂ ತುದಿಯಲ್ಲಿರುವಾಗಿನ ಸ್ಥಳಕ್ಕೂ ಇರುವ ಪ್ರಮಾಣವನ್ನು ಪುಸ್ತಕಗಳಲ್ಲಿ ಒಂಬತ್ತಕ್ಕೆ ಒಂದು, ಹತ್ತಕ್ಕೆ ಒಂದು ಎಂದು ಕೊಟ್ಟಿರುತ್ತಾರೆ. ಆದರೆ ಒಳಗವಾಟವು ಮುಚ್ಚುವ ವರೆಗೆ ನಿಜವಾದ ಒತ್ತಡವು ಆರಂಭವಾಗುವುದೇ ಇಲ್ಲ. 350 ಘನ ಅಂಗುಲದ ಎಂಜಿನಿನಲ್ಲಿ ಪಿಸ್ಟನ್ನಿನ ನಡೆ 3.48 ಅಂಗುಲ, ಕೂಡುಕೋಲಿನ ಉದ್ದ 5.7 ಅಂಗುಲ. ಪಿಸ್ಟನ್ನು ತಳಮುಟ್ಟಿ 60 ಡಿಗ್ರಿಗಳಾದ ಮೇಲೆ ಕವಾಟ ಮುಚ್ಚಿದರೆ ನಡೆಯಲ್ಲಿ ನೂರಕ್ಕೆ 81 ಪಾಲು ಮಾತ್ರ ಒತ್ತುವುದಕ್ಕೆ ಉಳಿದಿರುವುದು. 75 ಡಿಗ್ರಿಗಳಾದ ಮೇಲೆ ಮುಚ್ಚಿದರೆ 70 ಪಾಲು. ಪುಸ್ತಕದ ಪ್ರಮಾಣ 9 ಇದ್ದರೆ ಮೊದಲನೆಯದರಲ್ಲಿ ನಿಜವಾದ ಪ್ರಮಾಣ ಸುಮಾರು 7.5, ಎರಡನೆಯದರಲ್ಲಿ 6.6. ಹೀಗೆ ಕಳೆದುಹೋದುದನ್ನು ಮರಳಿ ಪಡೆಯಬೇಕಾದರೆ ಪಿಸ್ಟನ್ನುಗಳನ್ನೋ ತಲೆಯನ್ನೋ ಬದಲಾಯಿಸಿ ಪುಸ್ತಕದ ಪ್ರಮಾಣವನ್ನು 10ಕ್ಕೂ ಮೇಲೆ ಏರಿಸಬೇಕು. ಸೀಸದ ಅಂಶ ಕಡಮೆಯಾದ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟಾರ್ಸ್ ಕಂಪನಿಯವರು 1971ರಿಂದ ತಮ್ಮ ಎಂಜಿನುಗಳ ಪ್ರಮಾಣವನ್ನು ತಗ್ಗಿಸಿದರು. ಆದಕಾರಣ ಆ ವರ್ಷದ ಮತ್ತು ಅನಂತರದ ಎಂಜಿನುಗಳಿಗೆ, ಒಳಭಾಗವನ್ನು ಬದಲಾಯಿಸದೆ ದೊಡ್ಡ ಕ್ಯಾಮ್ ಶಾಫ್ಟನ್ನು ಹಾಕುವುದು ಹಸಿದವನ ಎಲೆಯಿಂದ ಅನ್ನವನ್ನು ತೆಗೆದಂತೆ.

ಇದಕ್ಕೆ ನಮ್ಮ ನಾಡಿನ ಎತ್ತರವೂ ಸೇರುವುದು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ, ಬೆಂಗಳೂರು 900 ಮೀಟರಿಗೂ ಮೇಲೆ ಇವೆ. ಇಲ್ಲಿಯ ವಾಯುಭಾರವು ಕಡಲ ತೀರದಲ್ಲಿರುವುದಕ್ಕಿಂತ ಸುಮಾರು ನೂರಕ್ಕೆ ಹತ್ತರಷ್ಟು ಕಡಮೆ. ಕಡಲಮಟ್ಟದ ಊರುಗಳಲ್ಲಿ ಪರೀಕ್ಷಿಸಿ ಅಚ್ಚುಮಾಡಿದ ಪಟ್ಟಿಯನ್ನು ಓದುವ ಮೈಸೂರು ಸೀಮೆಯವನು, ಎರಡು ದಂಡಗಳ ನಡುವೆ ಸಂದೇಹ ಬಂದಾಗ ಚಿಕ್ಕದನ್ನೇ ಆರಿಸುವುದು ಲೇಸು.

ನಾಲ್ಕನೆಯದು ಬ್ರೇಕು. ಹಳೆಯ ದೊಡ್ಡ ಗಾಡಿಗಳಲ್ಲಿ ಬ್ರೇಕಿಗೆ ನೆರವಾಗುವ ಡಬ್ಬವೊಂದಿರುವುದು. ಅದು ಎಂಜಿನಿನ ಗಾಳಿಕೊಳವೆಯಲ್ಲಿ ಹುಟ್ಟುವ ಶೂನ್ಯದ ಸೆಳೆತದಿಂದ ಕೆಲಸಮಾಡುವುದು. ಸಾಮಾನ್ಯ ಎಂಜಿನು ನಿಂತು ತಿರುಗುವಾಗ ಕಡಲಮಟ್ಟದಲ್ಲಿ ಈ ಸೆಳೆತವು 18ರಿಂದ 20 ಅಂಗುಲ ಪಾದರಸದಷ್ಟಿರುವುದು. ಸಂಧಿಕಾಲ ಹೆಚ್ಚಿದ ಕ್ಯಾಮ್ ಶಾಫ್ಟು ಇದನ್ನು ಹತ್ತು ಹನ್ನೆರಡು ಅಂಗುಲಕ್ಕೆ ಇಳಿಸಬಹುದು. ನಮ್ಮ ಎತ್ತರದಲ್ಲಿ ಅದರಿಂದ ಮತ್ತೆ ಸುಮಾರು 3 ಅಂಗುಲ ಕಳೆಯಬೇಕು. ಆಗ ಡಬ್ಬದ ನೆರವು ಸಾಲದೆ ಪೆಡಲು ಕಲ್ಲಿನಂತೆ ಗಟ್ಟಿಯಾಗುವುದು. ಎಂಜಿನಿನೊಳಗಿನ ದಂಡಕ್ಕೂ ಚಕ್ರದ ಬ್ರೇಕಿಗೂ ಸಂಬಂಧವಿಲ್ಲವೆಂದು ತಿಳಿದವನಿಗೆ, ತಿರುವಿನಲ್ಲಿ ದನವೊಂದು ಅಡ್ಡಬಂದಾಗ ಆ ಸಂಬಂಧವು ತಿಳಿಯುವುದು. ಬ್ರೇಕಿಗೆ ಈ ನೆರವು ಬೇಕಾದ ಗಾಡಿಗೆ ಅಂತರವು 112 ಡಿಗ್ರಿ ಅಥವಾ ಅದಕ್ಕಿಂತ ಅಗಲವಾಗಿರುವ, ಅವಧಿ ಕಡಮೆಯಾದ ದಂಡವೇ ತಕ್ಕದ್ದು.

ಈ ನಾಲ್ಕನ್ನೂ ಕೂಡಿಸಿ ನೋಡಿದರೆ, ನಮ್ಮ ಬೆಂಗಳೂರಿನವನ ಗಾಡಿಗೆ ಒಳಗವಾಟದ ಅವಧಿ 205ರಿಂದ 212 ಡಿಗ್ರಿ, ಎತ್ತರ 0.420ರಿಂದ 0.445 ಅಂಗುಲ, ಅಂತರ 112 ಡಿಗ್ರಿಯ ದಂಡವು ಹೊಂದುವುದು. ಅದು ಸುಮಾರು 1500 ಸುತ್ತಿನಿಂದಲೇ ಎಳೆಯಲು ತೊಡಗುವುದು; ಮೂಲದ ದಂಡಕ್ಕಿಂತ ಮೇಲೆಯೂ ಚುರುಕಾಗಿರುವುದು. ಹಾಗಾದರೆ ಉಗ್ರವಾದ ಕ್ಯಾಮ್ ಶಾಫ್ಟುಗಳು ನಿರರ್ಥಕವೇ? ಅಲ್ಲ. 1956ರ ಜನವರಿಯಲ್ಲಿ ಜೋರಾ ಆರ್ಕಸ್ ಡಂಟಾವ್ ಎಂಬ ಎಂಜಿನಿಯರು ತಾನೇ ರೂಪಿಸಿದ ಕ್ಯಾಮ್ ಶಾಫ್ಟನ್ನು ಹಾಕಿದ ಕಾರ್ವೆಟ್ ಗಾಡಿಯನ್ನು ಡೇಟೋನಾದ ಕಡಲ ಮರಳಿನ ಮೇಲೆ ಗಂಟೆಗೆ 150 ಮೈಲಿ ವೇಗದಲ್ಲಿ ಓಡಿಸಿದನು. 1967ರಲ್ಲಿ ಬಂದ ಕಮಾರೊ ಜಡ್-28 ಎಂಬ ಗಾಡಿಯ 302 ಘನ ಅಂಗುಲದ ಎಂಜಿನಿನಲ್ಲಿಯೂ ಅದೇ ಎಂಜಿನಿಯರ ಹೆಸರಿನ ಇನ್ನೊಂದು ದಂಡವಿದ್ದು, ಅದರ ಅವಧಿ 254 ಡಿಗ್ರಿ. ಆದರೆ ಆ ಗಾಡಿ ಪಂದ್ಯಕ್ಕಾಗಿ ಹುಟ್ಟಿದ್ದು. ಒತ್ತಡದ ಪ್ರಮಾಣ, ಹಲ್ಲುಚಕ್ರ, ಕಾರ್ಬ್ಯುರೇಟರು ಎಲ್ಲವನ್ನೂ ಅದಕ್ಕೆ ಹೊಂದಿಸಿ ಕಟ್ಟಿದ್ದರು. ಗರಡಿಯ ಆಳಿಗೆ ಗರಡಿಯ ಊಟ ಸರಿ; ಕಛೇರಿಯಲ್ಲಿ ಕುಳಿತಿರುವವನು ಅದನ್ನೇ ಉಂಡರೆ ಅಜೀರ್ಣ.

ಆರಿಸಿದ ಮೇಲೆ ಕೂರಿಸುವ ಕೆಲಸ. ಇಲ್ಲಿಯೂ ಕೆಲವು ವಿಷಯಗಳನ್ನು ಮರೆಯಬಾರದು. ಕವಾಟವನ್ನು ಹೆಚ್ಚು ಎತ್ತುವ ದಂಡಕ್ಕೆ ಬಲವಾದ ಸ್ಪ್ರಿಂಗುಗಳು ಬೇಕಾಗುವುವು. ಹಳೆಯ ಸ್ಪ್ರಿಂಗು ಸಾಲದೆ ಹೋದರೆ ಕವಾಟ ಮುಚ್ಚಿಕೊಳ್ಳುವ ಮುನ್ನವೇ ಪಿಸ್ಟನ್ನು ಮೇಲೆ ಬಂದೀತು. ಎರಡೂ ತಾಕಿದರೆ ಎಂಜಿನಿಗೆ ಉಳಿಗಾಲವಿಲ್ಲ. ಇದನ್ನು ಮೊದಲೇ ಪರೀಕ್ಷಿಸುವ ಉಪಾಯ ಸುಲಭವಾದದ್ದು: ಪಿಸ್ಟನ್ನಿನ ತಲೆಯ ಮೇಲೆ ಮೆತ್ತನೆಯ ಜೇಡಿಯನ್ನು ಇಟ್ಟು, ಎಂಜಿನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಜೇಡಿಯು ಅತ್ಯಂತ ತೆಳುವಾಗಿರುವ ಕಡೆ ಕೊಯ್ದು ಅಳೆಯುವುದು. ಒಳಗವಾಟದ ಕಡೆ 0.080 ಅಂಗುಲಕ್ಕೂ ಹೊರಗವಾಟದ ಕಡೆ 0.100 ಅಂಗುಲಕ್ಕೂ ಕಡಮೆಯಿರಬಾರದೆಂಬುದು ವಾಡಿಕೆಯ ನಿಯಮ. ಸರಪಣಿಯ ಚಕ್ರಗಳ ಮೇಲಿನ ಗುರುತುಗಳನ್ನೇ ನಂಬದೆ, ಡಿಗ್ರಿಗಳನ್ನು ಕೊರೆದ ತಗಡನ್ನು ಕಟ್ಟಿ ಕವಾಟಗಳು ತೆರೆಯುವ ಮತ್ತು ಮುಚ್ಚುವ ಕಾಲವನ್ನು ಅಳೆದು ನೋಡುವುದು ಒಳ್ಳೆಯದು. ಕೆಲವೇ ಡಿಗ್ರಿಗಳ ತಪ್ಪೂ ಎಂಜಿನಿನ ಸ್ವಭಾವವನ್ನು ಬದಲಿಸಬಲ್ಲದು.

ಮತ್ತೊಂದು ಮುಖ್ಯವಾದ ಸಂಗತಿ ಎಣ್ಣೆಯದು. ಆ ಕಾಲದ ಎಂಜಿನುಗಳಲ್ಲಿ ಉಬ್ಬಿನ ಮೇಲೆ ಉಜ್ಜುತ್ತ ಸಾಗುವ ಚಪ್ಪಟೆ ಟ್ಯಾಪೆಟ್ಟುಗಳೇ ಹೆಚ್ಚು. ಇವು ನೋಡುವುದಕ್ಕೆ ಚಪ್ಪಟೆಯಾದರೂ ತಳವು ಅತ್ಯಲ್ಪವಾಗಿ ಉಬ್ಬಿದ್ದು, ಕ್ಯಾಮಿನ ಮೈ ಒಂದು ಪಕ್ಕಕ್ಕೆ ಕೂದಲೆಳೆಯಷ್ಟು ಇಳಿಜಾರಾಗಿರುವುದು. ಇದರಿಂದ ಟ್ಯಾಪೆಟ್ಟು ಎದ್ದುಬೀಳುತ್ತಲೇ ತನ್ನಲ್ಲಿ ತಾನು ತಿರುಗುವುದು. ತಿರುಗುವುದು ನಿಂತರೆ ಕೆಲವೇ ನಿಮಿಷಗಳಲ್ಲಿ ಉಬ್ಬು ಸವೆದು, ಉಕ್ಕಿನ ಪುಡಿ ಎಣ್ಣೆಯೊಡನೆ ಎಂಜಿನಿನಲ್ಲೆಲ್ಲ ಹರಡಿ ಬೇರಿಂಗುಗಳನ್ನು ಕೆಡಿಸುವುದು. ಹೊಸ ಕ್ಯಾಮ್ ಶಾಫ್ಟಿಗೆ ಹಳೆಯ ಟ್ಯಾಪೆಟ್ಟುಗಳನ್ನು ಎಂದಿಗೂ ಹಾಕಕೂಡದು. ಮೊದಲ ಸಲ ಎಂಜಿನನ್ನು ನಡೆಸಿದಾಗ ಅದನ್ನು ನಿಧಾನದಲ್ಲಿ ಬಿಡದೆ, 2000ದಿಂದ 2500 ಸುತ್ತುಗಳಲ್ಲಿ ಸುಮಾರು 20 ನಿಮಿಷ ತಿರುಗಿಸಬೇಕು. ದೊಡ್ಡ ದಂಡದಿಂದ ಎರಚಿಬರುವ ಎಣ್ಣೆಯೇ ಈ ಉಬ್ಬುಗಳಿಗೆ ಆಧಾರವಾದುದರಿಂದ ನಿಧಾನದಲ್ಲಿ ಅವು ಒಣಗುವುವು. ಲೋಹದ ಮೈಯನ್ನು ಕಾಪಾಡುವ ಸತು ಮತ್ತು ರಂಜಕಗಳ ಸಂಯುಕ್ತವನ್ನು ಈಚಿನ ಎಣ್ಣೆಗಳಲ್ಲಿ ಕಡಮೆ ಮಾಡಿದ್ದಾರೆ. ಹೊಗೆಯನ್ನು ಶುದ್ಧಿಮಾಡುವ ಉಪಕರಣಗಳಿಗೆ ಅದು ಹಾನಿಕರ. ಹಳೆಯ ಎಂಜಿನಿಗೆ ಆ ಅಂಶವು ಸಾಕಷ್ಟಿರುವ ಎಣ್ಣೆಯನ್ನು ಕೇಳಿ ಕೊಳ್ಳಬೇಕು. ಷೆವ್ರೊಲೆಯವರು 1987ರಿಂದ ತಮ್ಮ ಈ ಬಗೆಯ ಎಂಜಿನುಗಳಿಗೆ ಉರುಳುವ ಗಾಲಿಯ ಟ್ಯಾಪೆಟ್ಟುಗಳನ್ನು ಹಾಕತೊಡಗಿದರು. ಅವಕ್ಕೆ ಬೆಲೆ ಹೆಚ್ಚಾದರೂ ಈ ಭಯವು ಬಹುಮಟ್ಟಿಗೆ ಇಲ್ಲ.

ಕೊನೆಯದಾಗಿ, ಏನನ್ನೂ ಬದಲಾಯಿಸದಿರುವುದೂ ಒಂದು ಆಯ್ಕೆಯೆಂಬುದನ್ನು ನೆನಪಿನಲ್ಲಿಡಬೇಕು. ಕಾರ್ಖಾನೆಯವರು ಕೊಟ್ಟ ಮೂಲ ದಂಡದ ಉಬ್ಬುಗಳು ಸವೆಯದೆ ಚೆನ್ನಾಗಿದ್ದರೆ, ಗಾಡಿ ಚರಿತ್ರೆಯ ದೃಷ್ಟಿಯಿಂದ ಅಪರೂಪದ್ದಾಗಿದ್ದರೆ, ಅದನ್ನು ಹಾಗೆಯೇ ಉಳಿಸುವುದು ಉತ್ತಮ. ಬದಲಾಯಿಸಲೇಬೇಕಾದರೆ ತೆಗೆದ ದಂಡವನ್ನೂ ಟ್ಯಾಪೆಟ್ಟುಗಳನ್ನೂ ಗುಜರಿಗೆ ಹಾಕದೆ, ಯಾವ ಟ್ಯಾಪೆಟ್ಟು ಯಾವ ಉಬ್ಬಿನದೆಂದು ಚೀಟಿ ಕಟ್ಟಿ, ಎಣ್ಣೆ ಸವರಿ ಇಡತಕ್ಕದ್ದು. ಒಂದರ ಮೇಲೊಂದು ಸವೆದು ಹೊಂದಿಕೊಂಡ ಆ ಜೋಡಿಗಳನ್ನು ಅದಲುಬದಲು ಮಾಡದೆ ಇಟ್ಟರೆ ಮಾತ್ರ ಮುಂದೊಂದು ದಿನ ಅವನ್ನು ಮರಳಿ ಕೂರಿಸಬಹುದು.

ಅಂತೂ ಹೊಸ ದಂಡಕ್ಕೆ ಹಣ ಕೊಡುವ ಮುನ್ನ ಗಾಡಿಯ ಒಡೆಯನು ಒಂದು ಹಾಳೆಯ ಮೇಲೆ ಆರು ಸಂಖ್ಯೆಗಳನ್ನು ಬರೆದುಕೊಳ್ಳಲಿ: ಎಂಜಿನಿನ ಗಾತ್ರ, ಒತ್ತಡದ ಪ್ರಮಾಣ, ಗಾಡಿಯ ತೂಕ, ಅಚ್ಚಿನ ಹಲ್ಲುಚಕ್ರಗಳ ಪ್ರಮಾಣ, ಚಕ್ರದ ವ್ಯಾಸ, ತಾನು ನಿಜವಾಗಿ ಓಡಿಸುವ ವೇಗ. ಈ ಆರೂ ತಿಳಿದವನಿಗೆ ಪಟ್ಟಿಯಲ್ಲಿರುವ ನೂರಾರು ದಂಡಗಳಲ್ಲಿ ಎರಡೋ ಮೂರೋ ಮಾತ್ರ ಉಳಿಯುವುವು. ಅವುಗಳಲ್ಲಿ ಚಿಕ್ಕದನ್ನು ತೆಗೆದುಕೊಂಡರೆ ಪಶ್ಚಾತ್ತಾಪಕ್ಕೆ ಅವಕಾಶವು ಕಡಮೆ.